ಗೀಟಿನ ಭಕ್ತರು

ಅಮೆರಿಕದ ಕವಿ ಎಮಿಲಿ ಡಿಕಿನ್ಸನ್‌ಳ ಡ್ಯಾಶುಗಳಿಗೆ ಸಿಕ್ಕಷ್ಟು ಪೂಜೆ ಅವಳ ಕವಿತೆಗಳಿಗೂ ಸಿಕ್ಕಿಲ್ಲವೇನೋ. 1890ರ ಮೊದಲ ಸಂಕಲನದಲ್ಲಿ ಸಂಪಾದಕರಾದ ಮೇಬಲ್ ಟಾಡ್ ಮತ್ತು ಹಿಗ್ಗಿನ್ಸನ್ ಆ ಗೀಟುಗಳನ್ನು ಅಳಿಸಿ ಅಲ್ಪವಿರಾಮ, ಅರ್ಧವಿರಾಮಗಳನ್ನು ಕೂರಿಸಿದರು. 1955ರಲ್ಲಿ ಥಾಮಸ್ ಜಾನ್ಸನ್ ತಮ್ಮ ಆವೃತ್ತಿಯಲ್ಲಿ ಅವನ್ನು ವಾಪಸು ತಂದರು. ಅಂದಿನಿಂದ ಹಳೆಯ ಸಂಪಾದಕರು ಖಳರು, ಗೀಟುಗಳೆಲ್ಲ ದೇವರು. ಈ ಕಥೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ.

ಸಾವು ಗಾಡಿ ನಿಲ್ಲಿಸಿ ಹತ್ತಿಸಿಕೊಳ್ಳುವ ಆ ಪ್ರಸಿದ್ಧ ಕವಿತೆಯ ಮೊದಲ ಚರಣವನ್ನೇ ತೆಗೆದುಕೊಳ್ಳಿ. ಮೊದಲ ಸಾಲಿನಲ್ಲಿ ಕಾರಣ, ಎರಡನೆಯದರಲ್ಲಿ ಅದರ ಫಲ. ನಡುವೆ ಹಸ್ತಪ್ರತಿಯಲ್ಲಿ ಗೀಟು, 1890ರ ಪುಸ್ತಕದಲ್ಲಿ ಅಲ್ಪವಿರಾಮ. ಗಟ್ಟಿಯಾಗಿ ಓದಿ, ಏನೂ ಕಳೆಯುವುದಿಲ್ಲ. ಇಂಗ್ಲಿಷ್ ವಾಕ್ಯ ತಾನಾಗಿಯೇ ಅಲ್ಲಿ ಉಸಿರೆಳೆದುಕೊಳ್ಳುತ್ತದೆ. ಅಷ್ಟಕ್ಕೆ ಅಲ್ಪವಿರಾಮ ಧಾರಾಳ ಸಾಕು. ಮೂರನೇ ಸಾಲಿನ ಮಾತು ಬೇರೆ. ಗಾಡಿಯಲ್ಲಿ ಇರುವವರು ನಾವಿಬ್ಬರೇ ಎನ್ನುವಲ್ಲಿಗೆ ಸಾಲು ಮುಗಿದು ಗೀಟು ಬೀಳುತ್ತದೆ. ಲೆಕ್ಕ ಮುಗಿಯಿತು ಅಂದುಕೊಳ್ಳುತ್ತೇವೆ. ಆಮೇಲೆ ನಾಲ್ಕನೇ ಸಾಲಿನಲ್ಲಿ, ಅಲ್ಲಿಯೇ ಕೂತಿದ್ದ ಅಮರತ್ವ ಕಣ್ಣಿಗೆ ಬೀಳುತ್ತದೆ. ಸಾಲು ಮುರಿದದ್ದೊಂದರಿಂದಲೇ ಈ ಬೆಚ್ಚು ಹುಟ್ಟುವುದಿಲ್ಲ, ಗೀಟು ನಮ್ಮನ್ನು ತಡೆದು ಹಿಡಿದದ್ದರಿಂದ ಹುಟ್ಟುತ್ತದೆ. ಟಾಡ್, ಹಿಗ್ಗಿನ್ಸನ್ ಅಲ್ಲಿ ಅಲ್ಪವಿರಾಮವನ್ನೂ ಇಡದೆ ಖಾಲಿ ಬಿಟ್ಟರು. ಅಮರತ್ವ ಬರೀ ಇನ್ನೊಬ್ಬ ಪ್ರಯಾಣಿಕನಾಯಿತು. (ಇದೇ ಕವಿತೆಯ ಇಡೀ ಒಂದು ಚರಣವನ್ನೂ ಅವರು ಕೈಬಿಟ್ಟರು, ಅದು ಬೇರೆ ಜಗಳ.)

ಒಂದೇ ಚರಣದಲ್ಲಿ ಒಂದು ಗೀಟು ಅನಿವಾರ್ಯ, ಇನ್ನೊಂದು ಬರೀ ಕೈಯಭ್ಯಾಸ. ಭಕ್ತರು ಇದನ್ನು ಒಪ್ಪುವುದಿಲ್ಲ. ಈಡಿತ್ ವೈಲ್ಡರ್ ಅಂಥವರು ಈ ಗೀಟುಗಳ ಓರೆಯನ್ನು ಅಳೆದು, ಇವು ದನಿಯ ಏರಿಳಿತದ ಗುರುತುಗಳು ಎಂದು ವಾದಿಸಿದರು. ಕೇಳಲು ಚೆಂದ. ವಿದ್ವಾಂಸ ಫ್ರಾಂಕ್ಲಿನ್ 1967ರ ತಮ್ಮ ಪುಸ್ತಕದಲ್ಲಿ ಇದಕ್ಕೆದುರಾಗಿ ಡಿಕಿನ್ಸನ್ ಕೈಯಲ್ಲೇ ಬರೆದ ಅಡುಗೆ ಚೀಟಿಯೊಂದನ್ನು ಮುಂದಿಟ್ಟರು: ಅದರಲ್ಲೂ ಇವೇ ಗೀಟುಗಳು. ಮೊಟ್ಟೆ ಸಕ್ಕರೆಯ ಪಟ್ಟಿಯನ್ನು ಯಾವ ರಾಗದಲ್ಲಿ ಓದಬೇಕಂತೆ? ಇದಕ್ಕೆ ನನಗೆ ತೃಪ್ತಿಯಾಗುವ ಉತ್ತರ ಯಾರಿಂದಲೂ ಸಿಕ್ಕಿಲ್ಲ.

ಸ್ವತಃ ಕವಿಯ ತಕರಾರು ಏನಿತ್ತು? 1866ರಲ್ಲಿ ಅವಳ ಹಾವಿನ ಕವಿತೆ ಸ್ಪ್ರಿಂಗ್‌ಫೀಲ್ಡಿನ ಪತ್ರಿಕೆಯಲ್ಲಿ ಅಚ್ಚಾದಾಗ ಅವಳು ಹಿಗ್ಗಿನ್ಸನ್‌ಗೆ ಬರೆದು ದೂರಿದ್ದು ಗೀಟಿಗಾಗಿ ಅಲ್ಲ. ಮೂರನೇ ಸಾಲು, ನಾಲ್ಕನೇ ಸಾಲು ಒಂದೇ ಆಗಿದ್ದವು, ನಡುವೆ ಚಿಹ್ನೆ ತುರುಕಿ ಕಡಿದರು ಎಂಬುದಕ್ಕೆ. ಅಲ್ಲಿ ಅವಳಿಗೆ ಯಾವ ನಿಲುಗಡೆಯೂ ಬೇಕಿರಲಿಲ್ಲ. ಅದೇ ಹಿಗ್ಗಿನ್ಸನ್, ಇಪ್ಪತ್ತೈದು ವರ್ಷದ ಮೇಲೆ ಟಾಡ್ ಜೊತೆ ಎರಡನೇ ಸಂಕಲನ ಹೊರತಂದಾಗ, ಆ ಮೂರನೇ ಸಾಲಿನ ಕೊನೆಯಲ್ಲಿ ಒಂದು ಅಲ್ಪವಿರಾಮ ಇತ್ತು.