ಕಣ್ಣಿಗೆ ಬೀಳದ ಕಸುಬು
ಒಳ್ಳೆಯ ವೆಬ್ ಡಿಸೈನರ್ ಮಾಡಿದ ಕೆಲಸ ಕಣ್ಣಿಗೆ ಬೀಳುವುದೇ ಕಡಿಮೆ. ಚನ್ನಪಟ್ಟಣದ ಒಂದು ಸಣ್ಣ ಗೊಂಬೆ ಅಂಗಡಿಯನ್ನೇ ತೆಗೆದುಕೊಳ್ಳಿ. ಕ್ಯಾಮೆರಾದಿಂದ ಬಂದ ಫೋಟೊ ಒಂದೊಂದೂ 5 ಎಂಬಿ ಇರಬಹುದು. ಹಾಗೇ ಏರಿಸಿದರೆ, ಬಸ್ಸಿನಲ್ಲಿ ಕೂತು ಮೊಬೈಲ್ ನೋಡುವ ಗಿರಾಕಿ ಪುಟ ತೆರೆದುಕೊಳ್ಳುವ ಮುಂಚೆಯೇ ಬೇರೆಡೆ ಹೋಗಿರುತ್ತಾನೆ. ಕಸುಬು ಬಲ್ಲವರು ಅದನ್ನು 200 ಕೆಬಿಗೆ ಇಳಿಸಿಯೂ ಅರಗಿನ ಹೊಳಪು ಮಂಕಾಗದಂತೆ ನೋಡಿಕೊಳ್ಳುತ್ತಾರೆ. ಕನ್ನಡದ ವಿಷಯಕ್ಕೆ ಬಂದರೆ ಕೆಲಸ ಇನ್ನೂ ನಾಜೂಕು. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರವನ್ನೇ ಇಟ್ಟರೆ ‘ಚನ್ನಪಟ್ಟಣ’ದ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸಿನ ಮೇಲೆ ಹೋಗಿ ಕೂರುತ್ತವೆ. ಯೂನಿಕೋಡ್ ಬಿಟ್ಟು ಹಳೆಯ ಫಾಂಟಿನಲ್ಲಿ ಹೆಸರು ಬರೆದರೆ, ಕನ್ನಡದಲ್ಲಿ ಹುಡುಕಿದವರಿಗೆ ಅಂಗಡಿ ಸಿಗುವುದೇ ಕಷ್ಟ.

ಇನ್‌ಸ್ಟಾಗ್ರಾಂ, ವಾಟ್ಸಾಪ್ ಪುಕ್ಕಟೆ ಇರುವಾಗ ಈ ಖರ್ಚೇಕೆ ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ, ದಿನಕ್ಕೆ ನಾಲ್ಕು ಗೊಂಬೆ ಮಾರುವವರಿಗೆ ಅಷ್ಟೇ ಸಾಕು. ಆದರೆ ನಿನ್ನೆ ಹಾಕಿದ ಬೆಲೆ ಅಲ್ಲಿ ಇಂದು ಕೆಳಗೆ ಸರಿದು ಮರೆಯಾಗುತ್ತದೆ, ಖಾತೆ ನಿಂತರೆ ಗಿರಾಕಿಯೂ ಹೋದ. ಇನ್ನು ರೆಡಿಮೇಡ್ ಟೆಂಪ್ಲೇಟು ಬಟ್ಟೆ ಅಂಗಡಿಗೂ ಹಲ್ಲಿನ ಡಾಕ್ಟರಿಗೂ ಒಂದೇ ಅಂಗಿ ತೊಡಿಸುತ್ತದೆ. ಮಗು ಬಾಯಿಗಿಡುವ ಗೊಂಬೆಗೆ ಹಾಕಿದ ಬಣ್ಣ ಯಾವುದು ಎಂಬ ತಾಯಿಯ ಪ್ರಶ್ನೆಗೆ ಉತ್ತರ ಮೊದಲ ಪರದೆಯಲ್ಲೇ ಇರಬೇಕೆಂದು ಅದಕ್ಕೆ ತಿಳಿಯದು. ಅಂಗಡಿಯವರ ಜೊತೆ ಕೂತು ಕೇಳಿದ ಡಿಸೈನರ್‌ಗೆ ತಿಳಿಯುತ್ತದೆ. ಅಂಥವರಿಗೆ ಕೊಡುವ ಹಣ ದುಬಾರಿಯಲ್ಲ. ಡೊಮೇನ್ ಒಂದನ್ನು ಮಾತ್ರ ಅವರ ಹೆಸರಲ್ಲಿ ಬಿಡಬೇಡಿ, ನಿಮ್ಮ ಹೆಸರಿಗೇ ನೋಂದಾಯಿಸಿಕೊಳ್ಳಿ.