'ಹಸಿರು ಗಡಿ': ಒಂದು ವಿವೇಚನೆ

ಪೋಲೆಂಡಿನ ನಿರ್ದೇಶಕಿ ಆಗ್ನಿಯೆಷ್ಕಾ ಹಾಲೆಂಡ್ ಅವರ 'ಗ್ರೀನ್ ಬಾರ್ಡರ್' ಎಂಬ ಚಲಚ್ಚಿತ್ರವು 2023ರಲ್ಲಿ ವೆನಿಸ್ ಚಿತ್ರೋತ್ಸವದ ತೀರ್ಪುಗಾರರ ವಿಶೇಷ ಪ್ರಶಸ್ತಿಗೆ ಪಾತ್ರವಾಯಿತು. ಸ್ವಾಮಿಗಳಾದವರಿಗೆ ಚಲಚ್ಚಿತ್ರದ ಗೊಡವೆ ಏಕೆಂದು ಕೆಲವು ಭಕ್ತರು ಕೇಳಿಯಾರು. ಮರೆಹೊಕ್ಕು ಬಂದವನನ್ನು ಏನು ಮಾಡಬೇಕೆಂಬ ಪ್ರಶ್ನೆಯೇ ಅದರ ವಸ್ತುವಾಗಿರುವುದರಿಂದ ಈ ಗೊಡವೆಗೆ ಕೈಹಾಕಿದ್ದೇವೆ.

2021ರಲ್ಲಿ ಬೆಲಾರೂಸಿನ ಲುಕಾಶೆಂಕೊ ಆಡಳಿತವು, ಯೂರೋಪು ತನ್ನ ಮೇಲೆ ಹೇರಿದ ನಿರ್ಬಂಧಗಳಿಗೆ ಪ್ರತೀಕಾರವೆಂಬಂತೆ, ಇರಾಕ್ ಸಿರಿಯಾ ಮೊದಲಾದ ದೇಶಗಳ ಜನರನ್ನು ಮಿನ್ಸ್ಕ್ ನಗರಕ್ಕೆ ಬರಗೊಟ್ಟು, ಅಲ್ಲಿಂದ ಪೋಲೆಂಡಿನ ಗಡಿಯತ್ತ ನೂಕಿತು. ಪೋಲೆಂಡ್ ಅವರನ್ನು ಹಿಂದಕ್ಕೆ ನೂಕಿತು. ನಡುವೆ ಇದ್ದುದು ದಟ್ಟವಾದ ಕಾಡು ಮತ್ತು ಜವುಗು. ಚಿತ್ರದ ಸಿರಿಯಾ ಕುಟುಂಬವು ಹೀಗೆ ಅತ್ತಿತ್ತ ಎಸೆಯಲ್ಪಡುತ್ತದೆ. ಬಾಲಕನೊಬ್ಬನು ಜವುಗಿನಲ್ಲಿ ಮುಳುಗಿ ಸಾಯುತ್ತಾನೆ.

ಆದರೆ ನಮ್ಮ ಮನಸ್ಸಿನಲ್ಲಿ ಉಳಿದವನು ಗಡಿಯ ಕಾವಲುಗಾರ. ಬಸುರಿ ಹೆಂಡತಿಯುಳ್ಳ ತರುಣ ಗೃಹಸ್ಥನೀತ. ಇವರು ಮನುಷ್ಯರಲ್ಲ, ಶತ್ರುವು ಎಸೆದ ಆಯುಧಗಳೆಂದು ಮೇಲಧಿಕಾರಿಯು ಅವನಿಗೆ ಬೋಧಿಸುತ್ತಾನೆ. ಅವನು ಕ್ರೂರಿಯಲ್ಲ, ವಿಧೇಯ. ಕೊನೆಗೊಮ್ಮೆ ವಾಹನವೊಂದನ್ನು ತಪಾಸಣೆ ಮಾಡುವಾಗ ಒಳಗೆ ಅಡಗಿದ್ದವರನ್ನು ಕಣ್ಣಾರೆ ಕಂಡು, ಏನೂ ಹೇಳದೆ ಮುಂದೆ ಹೋಗಗೊಡುತ್ತಾನೆ. ಇಲ್ಲಿ ನಿರ್ದೇಶಕಿ ಉಪದೇಶಕ್ಕೆ ಇಳಿಯುವುದಿಲ್ಲ. ಸಹಾಯಕ್ಕೆ ಬರುವ ಕಾರ್ಯಕರ್ತರ ಭಾಗದಲ್ಲಿ ಮಾತು ಹೆಚ್ಚಿ ಕಲೆ ತಗ್ಗಿದೆ. ಪ್ರವಚನಕಾರರಾದ ನಮಗೆ ಈ ದೋಷವು ಅಪರಿಚಿತವೇನಲ್ಲ. ಚಿತ್ರದ ಕಡೆಯಲ್ಲಿ 2022ರ ಫೆಬ್ರವರಿ. ಅದೇ ಪೋಲೆಂಡು ಉಕ್ರೇನಿನಿಂದ ಬಂದವರನ್ನು, ಕೆಲವೇ ವಾರಗಳಲ್ಲಿ 20 ಲಕ್ಷಕ್ಕೂ ಮಿಕ್ಕ ಜನರನ್ನು, ಅಪ್ಪಿಕೊಂಡು ಬರಮಾಡಿಕೊಂಡಿತು.

ರಾಜ್ಯದ ಭಯವನ್ನು ಈ ಚಿತ್ರವು ಹಗುರವಾಗಿ ಕಂಡಿದೆಯೆಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆ ಗಡಿಯಲ್ಲಿ 2022ರಲ್ಲಿ 186 ಕಿಲೋಮೀಟರು ಉದ್ದದ ಉಕ್ಕಿನ ಬೇಲಿ ಎದ್ದಿತು. 2024ರ ಮೇ ತಿಂಗಳಲ್ಲಿ ಅದರ ಸಂದಿಯಿಂದ ಇರಿತಕ್ಕೊಳಗಾದ ಸೈನಿಕನೊಬ್ಬನು ಮರಣ ಹೊಂದಿದನು. ಆ ತಾಯಿಯ ದುಃಖವೂ ದುಃಖವೇ. ಅದೇ ವರ್ಷ ಅಕ್ಟೋಬರಿನಲ್ಲಿ ಪ್ರಧಾನಿ ಟುಸ್ಕ್ ಅವರು ಆಶ್ರಯ ಬೇಡುವ ಹಕ್ಕನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡುವುದಾಗಿ ಘೋಷಿಸಿದರು. 2025ರ ಮಾರ್ಚಿನಲ್ಲಿ ಕಾಯಿದೆ ಜಾರಿಗೆ ಬಂದಿತು. ಮೊದಲು 60 ದಿನಗಳಿಗೆಂದು ಬಂದುದು ಬಳಿಕ ಮತ್ತೆ ಮತ್ತೆ ವಿಸ್ತರಿಸಲ್ಪಟ್ಟಿತು. ಗರ್ಭಿಣಿಯರಿಗೆ, ಒಂಟಿ ಮಕ್ಕಳಿಗೆ ವಿನಾಯಿತಿ ಉಂಟು. ಆದರೆ ಕಾಡಿನ ಅಂಚಿನಲ್ಲಿ, ಕತ್ತಲೆಯಲ್ಲಿ, ಯಾರು ವಿನಾಯಿತಿಗೆ ಅರ್ಹರೆಂದು ಮೊದಲು ನಿರ್ಣಯಿಸತಕ್ಕವನು ಆ ಕಾವಲುಗಾರನೇ.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. 1951ರ ನಿರಾಶ್ರಿತರ ಒಪ್ಪಂದವು ಭದ್ರತೆಯನ್ನು ಮರೆತು ರಚಿತವಾದುದಲ್ಲ. ಪ್ರಾಣಭಯವಿರುವೆಡೆಗೆ ಯಾವ ನಿರಾಶ್ರಿತನನ್ನೂ ಹಿಂದಟ್ಟಬಾರದೆನ್ನುವ ಅದರ 33ನೆಯ ವಿಧಿಯೇ, ದೇಶದ ಭದ್ರತೆಗೆ ಅಪಾಯಕಾರಿಯೆಂದು ಸಕಾರಣವಾಗಿ ಕಂಡವನಿಗೆ ಆ ರಕ್ಷಣೆಯಿಲ್ಲವೆಂದೂ ಹೇಳುತ್ತದೆ. ಹಾಗೆ ಕಾಣಬೇಕಾದರೆ ಅವನನ್ನು ನಿಲ್ಲಿಸಿ ಅವನು ಯಾರು, ಏಕೆ ಬಂದನೆಂದು ಕೇಳಬೇಕಷ್ಟೆ? ಹೊಸ ಕಾಯಿದೆಯು ಕೇಳುವ ಆ ಕೆಲಸವನ್ನೇ ಕೈಬಿಟ್ಟಿತು. ಬಂದ ದಿಕ್ಕೇ ಅಪರಾಧವಾಯಿತು. ಕೇಳದೆ ಕಳುಹಿದವರಲ್ಲಿ ಘಾತುಕನಾರು, ನೊಂದವನಾರು ಎಂಬುದು ರಾಜ್ಯಕ್ಕೂ ತಿಳಿಯಲಾರದು. ಭದ್ರತೆಯ ದೃಷ್ಟಿಯಿಂದ ನೋಡಿದರೂ ಇದು ಕುರುಡುತನವೇ.

ನಮ್ಮ ನಾಡಿನ ಶಾಸನಗಳಲ್ಲಿ ಅರಸರಿಗೆ 'ಶರಣಾಗತ ವಜ್ರಪಂಜರ' ಎಂಬ ಬಿರುದು ಕಂಡುಬರುತ್ತದೆ. ಅದೂ ಒಂದು ಬೇಲಿಯೇ. ಶರಣು ಬಂದವನು ಇರುವುದು ಅದರ ಒಳಗೆ. ಬಿರುದು ಹೊತ್ತವರೆಲ್ಲರೂ ಹಾಗೆ ನಡೆದರೆಂದು ನಾವು ಹೇಳಲಾರೆವು. ನಮ್ಮ ದೇಶವೂ 1951ರ ಒಪ್ಪಂದಕ್ಕೆ ಸಹಿ ಹಾಕಿದುದಲ್ಲ. ಆದಕಾರಣ ಪೋಲೆಂಡನ್ನು ಜರೆಯುವ ಉತ್ಸಾಹ ನಮಗೆ ತಕ್ಕುದಲ್ಲ.

ಚಿತ್ರವು ಎರಡೂವರೆ ಗಂಟೆಯದು, ಕಪ್ಪುಬಿಳುಪಿನದು. ಎಳೆಯರಿಗೆ ತೋರಿಸತಕ್ಕುದಲ್ಲ. ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಪೊಲೀಸು, ಸೇನೆ, ಕಂದಾಯ ಇಲಾಖೆಗಳಲ್ಲಿರುವವರು ಅನೇಕರು. ಅವರು ಆ ಕಾವಲುಗಾರನ ಭಾಗವನ್ನಾದರೂ ನೋಡಲೆಂದು ನಮ್ಮ ಅಪೇಕ್ಷೆ.