ಹೇಳಿದ್ದು ಮತ್ತು ಹೇಳದಿದ್ದುದು: ಇಂಗ್ಲಿಷ್ ವಾಚನ ಪರೀಕ್ಷೆಯ ಸಿದ್ಧತೆಯನ್ನು ಕುರಿತು

ಇಂಗ್ಲಿಷ್ ಭಾಷೆಯ ಪ್ರಾವೀಣ್ಯವನ್ನು ಅಳೆಯುವ ಪರೀಕ್ಷೆಗಳು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ಈಗ ಅಪರಿಚಿತವಾದುವಲ್ಲ. ಅಮೆರಿಕದ ಟೋಫೆಲ್ ಪರೀಕ್ಷೆಯು ಮೊದಲು ನಡೆದುದು ೧೯೬೪ರಲ್ಲಿ. ಬ್ರಿಟನ್ನಿನಲ್ಲಿ ೧೯೮೦ರಲ್ಲಿ ಆರಂಭವಾದ ಇನ್ನೊಂದು ಪರೀಕ್ಷೆಯು ಮಾರ್ಪಾಡು ಹೊಂದಿ ೧೯೮೯ರಲ್ಲಿ ಐಇಎಲ್‌ಟಿಎಸ್ ಎಂಬ ಹೆಸರನ್ನು ಪಡೆಯಿತು. ಪರದೇಶದ ವಿಶ್ವವಿದ್ಯಾನಿಲಯವನ್ನು ಸೇರಬೇಕೆನ್ನುವ ಪದವೀಧರನೂ ಬ್ರಿಟನ್ನಿನ ಆಸ್ಪತ್ರೆಯಲ್ಲಿ ಕೆಲಸ ಬಯಸುವ ದಾದಿಯೂ ಸಾಮಾನ್ಯವಾಗಿ ಇಂಥದೊಂದು ಬಾಗಿಲನ್ನು ದಾಟಿಯೇ ಹೋಗಬೇಕಾಗಿದೆ. ಐಇಎಲ್‌ಟಿಎಸ್ ಮೂಲಕ ಬರುವ ದಾದಿಯರಿಂದ ಅಲ್ಲಿನ ನೋಂದಣಿ ಮಂಡಳಿಯು ವಾಚನ ವಿಭಾಗದಲ್ಲಿ ೭ನೆಯ ಶ್ರೇಣಿಯನ್ನು ಅಪೇಕ್ಷಿಸುತ್ತದೆ. ನಲವತ್ತು ಪ್ರಶ್ನೆಗಳಲ್ಲಿ ಸುಮಾರು ಮೂವತ್ತಕ್ಕೆ ಸರಿಯುತ್ತರ ಬರೆದಾಗ ಆ ಶ್ರೇಣಿ ದೊರೆಯುತ್ತದೆ. ಒಂದೆರಡು ಉತ್ತರಗಳ ಅಂತರದಿಂದ ಒಂದು ಮನೆಯವರ ವರ್ಷಗಳ ಆಸೆ ಮುಂದಕ್ಕೆ ಹೋಗಬಹುದು. ಆದುದರಿಂದ ಈ ಸಿದ್ಧತೆಯ ವಿಷಯವನ್ನು ತರಬೇತಿ ಕೇಂದ್ರಗಳಿಗೆ ಬಿಟ್ಟು ಅಧ್ಯಾಪಕರು ಸುಮ್ಮನಿರುವುದು ಸಲ್ಲದು.

ವಾಚನ ವಿಭಾಗವು ನಿಜವಾಗಿ ಯಾವ ಶಕ್ತಿಯನ್ನು ಅಳೆಯುತ್ತದೆ? ಈಗ ರೂಢಿಯಲ್ಲಿರುವ ಸಿದ್ಧತೆಯು ಆ ಶಕ್ತಿಯನ್ನು ಬೆಳೆಸುತ್ತದೆಯೆ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಲಾಗಿದೆ.

ಐಇಎಲ್‌ಟಿಎಸ್ ಪರೀಕ್ಷೆಯ ಶೈಕ್ಷಣಿಕ ವಾಚನ ಪತ್ರಿಕೆಯಲ್ಲಿ ಮೂರು ಗದ್ಯಭಾಗಗಳಿರುತ್ತವೆ. ಮೂರೂ ಸೇರಿ ೨೧೫೦ರಿಂದ ೨೭೫೦ ಪದಗಳು; ಪ್ರಶ್ನೆಗಳು ೪೦; ಕಾಲ ೬೦ ನಿಮಿಷ. ಎಂದರೆ ಓದುವುದೂ ಯೋಚಿಸುವುದೂ ಬರೆಯುವುದೂ ಸೇರಿ ಪ್ರಶ್ನೆಯೊಂದಕ್ಕೆ ಒಂದೂವರೆ ನಿಮಿಷ. ಪ್ರತಿ ಭಾಗಕ್ಕೂ ತಕ್ಕ ಶೀರ್ಷಿಕೆಯನ್ನು ಆರಿಸುವುದು, ವಾಕ್ಯವನ್ನು ಪೂರ್ಣಗೊಳಿಸುವುದು, ಸಂಗ್ರಹದ ಬಿಟ್ಟ ಸ್ಥಳಗಳನ್ನು ತುಂಬುವುದು ಮೊದಲಾದ ಹಲವು ಬಗೆಯ ಪ್ರಶ್ನೆಗಳಿವೆ. ಅವುಗಳಲ್ಲಿ ವಿದ್ಯಾರ್ಥಿಗಳನ್ನು ಬಹಳವಾಗಿ ಕಾಡುವುದು ಒಂದು. ಒಂದು ಹೇಳಿಕೆಯನ್ನು ಕೊಟ್ಟು, ಗದ್ಯಭಾಗದ ಪ್ರಕಾರ ಅದು ಸರಿಯೆ, ತಪ್ಪೆ, ಅಥವಾ ಆ ಸಂಗತಿಯನ್ನು ಅಲ್ಲಿ ಹೇಳಿಯೇ ಇಲ್ಲವೆ ಎಂದು ಕೇಳುತ್ತಾರೆ. ಟ್ರೂ, ಫಾಲ್ಸ್, ನಾಟ್ ಗಿವನ್ ಎಂಬುವು ಉತ್ತರಗಳು. ಮೊದಲಿನೆರಡು ನಮ್ಮ ಶಾಲೆಗಳಿಗೆ ಹಳೆಯವು, ಮೂರನೆಯದು ಹೊಸದು.

ಪೇಟೆಯಲ್ಲಿ ದೊರೆಯುವ ಕೈಪಿಡಿಗಳು ಸಾಮಾನ್ಯವಾಗಿ ಬೋಧಿಸುವುದು ಉಪಾಯಗಳನ್ನು. ಗದ್ಯವನ್ನು ಪೂರ್ತಿ ಓದಬೇಡಿ. ಮೊದಲು ಪ್ರಶ್ನೆಯನ್ನು ನೋಡಿ. ಅದರಲ್ಲಿರುವ ಮುಖ್ಯ ಪದವನ್ನು ಗದ್ಯದಲ್ಲಿ ಹುಡುಕಿ. ಅದರ ಆಸುಪಾಸಿನಲ್ಲಿ ಉತ್ತರವಿರುತ್ತದೆ ಎಂಬುದು ಅವುಗಳ ಸಾರ. ಮೇಲೆ ಮೇಲೆ ಕಣ್ಣಾಡಿಸುವುದಕ್ಕೆ ಸ್ಕಿಮ್ಮಿಂಗ್ ಎಂದೂ ಬೇಕಾದುದನ್ನು ಮಾತ್ರ ಹುಡುಕುವುದಕ್ಕೆ ಸ್ಕ್ಯಾನಿಂಗ್ ಎಂದೂ ಹೆಸರು. ಇವು ನಿರುಪಯೋಗಿಗಳೆಂದು ಹೇಳುವುದು ಅನ್ಯಾಯವಾದೀತು. ಒಳ್ಳೆಯ ಓದುಗನು ನಿಘಂಟನ್ನಾಗಲಿ ವೃತ್ತಪತ್ರಿಕೆಯನ್ನಾಗಲಿ ನೋಡುವಾಗ ಇವೆರಡನ್ನೂ ಸಹಜವಾಗಿ ಮಾಡುತ್ತಾನೆ. ಆದರೆ ಓದು ಬಲ್ಲವನಿಗೆ ಇವು ಸಾಧನಗಳು. ಓದು ಬಾರದವನಿಗೆ ಇವು ಓದಿನ ಸ್ಥಾನವನ್ನು ತುಂಬಲಾರವು. ನಿಮಿಷಕ್ಕೆ ನೂರು ಪದಗಳನ್ನು ಓದುವವನಿಗೆ ೨೫೦೦ ಪದಗಳನ್ನು ಒಂದು ಸಲ ಓದಲು ಇಪ್ಪತ್ತೈದು ನಿಮಿಷ ಬೇಕು. ಇನ್ನೂರು ಪದಗಳನ್ನು ಓದುವವನಿಗೆ ಹನ್ನೆರಡೂವರೆ ನಿಮಿಷ ಸಾಕು. ಈ ವ್ಯತ್ಯಾಸವು ಹುಟ್ಟುವುದು ಹಿಂದೆ ಓದಿದ ಪುಸ್ತಕಗಳಿಂದ; ಪರೀಕ್ಷೆಯ ಹಿಂದಿನ ವಾರ ಕಲಿತ ಉಪಾಯದಿಂದಲ್ಲ. ಮೇಲಾಗಿ, ಮೂರನೆಯ ಬಗೆಯ ಉತ್ತರಕ್ಕೆ ಪದ ಹುಡುಕುವ ಉಪಾಯವು ಬಹುಮಟ್ಟಿಗೆ ಕೈಕೊಡುತ್ತದೆ. ಹೇಳಿಕೆಯಲ್ಲಿರುವ ಪದವು ಗದ್ಯದಲ್ಲಿ ಸಿಕ್ಕಿದೊಡನೆ ವಿದ್ಯಾರ್ಥಿಯು ಸಂತೋಷಪಟ್ಟು ‘ಸರಿ’ ಎಂದು ಬರೆಯುತ್ತಾನೆ. ಪದವು ಅಲ್ಲಿದೆ, ಸಂಗತಿಯು ಅಲ್ಲಿಲ್ಲ ಎಂಬುದು ವಾಕ್ಯವನ್ನು ಓದಿದವನಿಗೆ ಮಾತ್ರ ತಿಳಿಯುತ್ತದೆ.

ಇದನ್ನು ನಮ್ಮದೇ ಸ್ಥಳವೊಂದರ ಉದಾಹರಣೆಯಿಂದ ವಿಶದಪಡಿಸಬಹುದು. ತರೀಕೆರೆಯ ಸಮೀಪದ ಅಮೃತಾಪುರದ ದೇವಾಲಯವನ್ನು ಕುರಿತು ಈ ನಾಲ್ಕು ವಾಕ್ಯಗಳನ್ನು ತೆಗೆದುಕೊಳ್ಳೋಣ:

“ಅಮೃತೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ೧೧೯೬ರಲ್ಲಿ, ಅಮೃತೇಶ್ವರ ದಂಡನಾಯಕನು ಕಟ್ಟಿಸಿದನು. ತೆರೆದ ಮಂಟಪದ ಹೊರಗೋಡೆಯ ಮೇಲೆ ೧೪೦ ಶಿಲ್ಪಫಲಕಗಳಿವೆ. ದಕ್ಷಿಣದ ಗೋಡೆಯ ೭೦ ಫಲಕಗಳಲ್ಲಿ ರಾಮಾಯಣದ ಕಥೆಯು ಅಪ್ರದಕ್ಷಿಣವಾಗಿ ಸಾಗುತ್ತದೆ. ಉತ್ತರದ ಗೋಡೆಯಲ್ಲಿ ಕೃಷ್ಣಕಥೆಯ ೨೫ ಫಲಕಗಳೂ ಭಾರತದ ೪೫ ಫಲಕಗಳೂ ಪ್ರದಕ್ಷಿಣವಾಗಿ ಸಾಗುತ್ತವೆ.”

ಇದರ ಮೇಲೆ ಐದು ಹೇಳಿಕೆಗಳು. ಮೊದಲನೆಯದು: ಭಾರತದ ಫಲಕಗಳಿಗಿಂತ ರಾಮಾಯಣದ ಫಲಕಗಳು ಹೆಚ್ಚು. ಎರಡನೆಯದು: ಎರಡು ಗೋಡೆಗಳಲ್ಲಿಯೂ ಕಥೆ ಒಂದೇ ದಿಕ್ಕಿನಲ್ಲಿ ಸಾಗುತ್ತದೆ. ಮೂರನೆಯದು: ರಾಮಾಯಣದ ಫಲಕಗಳನ್ನು ಕೆತ್ತಿದವನು ಮಲ್ಲಿತಮ್ಮ. ನಾಲ್ಕನೆಯದು: ಹೊಯ್ಸಳ ದೇವಾಲಯಗಳಲ್ಲೆಲ್ಲಾ ಇದೇ ಮೊದಲನೆಯದು. ಐದನೆಯದು: ದಕ್ಷಿಣದ ಗೋಡೆಯಲ್ಲಿ ಶಿಲ್ಪಿಗಳು ಬೇಕೆಂದೇ ದಿಕ್ಕನ್ನು ಬದಲಾಯಿಸಿದರು.

ಮೊದಲನೆಯದು ಸರಿ, ಎರಡನೆಯದು ತಪ್ಪು, ಇವುಗಳಲ್ಲಿ ಕಷ್ಟವಿಲ್ಲ. ಮೂರನೆಯದನ್ನು ನೋಡಿದಾಗ ಹೊಯ್ಸಳ ಶಿಲ್ಪವನ್ನು ಕುರಿತು ಸ್ವಲ್ಪ ಓದಿದ ವಿದ್ಯಾರ್ಥಿಯ ಮನಸ್ಸು ಚುರುಕಾಗುತ್ತದೆ. ಪ್ರಸಿದ್ಧ ಶಿಲ್ಪಿ ಮಲ್ಲಿತಮ್ಮನು ಈ ದೇವಾಲಯದಲ್ಲಿ ಕೆಲಸ ಮಾಡಿದವನೆಂಬುದು ಅವನಿಗೆ ಗೊತ್ತು. ಆದರೆ ನಮ್ಮ ನಾಲ್ಕು ವಾಕ್ಯಗಳಲ್ಲಿ ಶಿಲ್ಪಿಯ ಹೆಸರೇ ಇಲ್ಲ. ನಾಲ್ಕನೆಯದು ಇನ್ನೂ ಸೂಕ್ಷ್ಮ. ಬೇಲೂರಿನ ಚೆನ್ನಕೇಶವ ದೇವಾಲಯವು ೧೧೧೭ರದೆಂದು ತಿಳಿದವನು ಇದನ್ನು ‘ತಪ್ಪು’ ಎಂದು ಧೈರ್ಯವಾಗಿ ಬರೆಯುತ್ತಾನೆ. ಅವನು ಹೇಳುವುದು ಚರಿತ್ರೆಗೆ ನಿಜ; ಪರೀಕ್ಷೆಯಲ್ಲಿ ಮಾತ್ರ ಅವನಿಗೆ ಅಂಕವಿಲ್ಲ. ಏಕೆಂದರೆ ಬೇಲೂರಿನ ಸಂಗತಿಯನ್ನು ತಂದವನು ಅವನು; ಗದ್ಯವು ತರಲಿಲ್ಲ. ಐದನೆಯದರಲ್ಲಿಯೂ ಹಾಗೆಯೇ. ದಿಕ್ಕು ಬೇರೆಯಾಗಿದೆ ಎಂದು ಗದ್ಯವು ಹೇಳುತ್ತದೆ. ಯಾರು ಏನನ್ನು ಉದ್ದೇಶಿಸಿದರೆಂದು ಹೇಳುವುದಿಲ್ಲ. ಕೊನೆಯ ಮೂರಕ್ಕೂ ಉತ್ತರ ‘ಹೇಳಿಲ್ಲ’ ಎಂದೇ. ಈ ಬಗೆಯ ಪ್ರಶ್ನೆಯಲ್ಲಿ ಅರಿಯದವನಿಗಿಂತ ಅರ್ಧ ಅರಿತವನೇ ಹೆಚ್ಚು ಎಡವುತ್ತಾನೆಂಬುದು ಗಮನಾರ್ಹ.

ಗ್ರಂಥವು ಹೇಳಿದ್ದನ್ನೂ ನಾವು ಅದಕ್ಕೆ ಸೇರಿಸಿದ್ದನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುವ ಈ ಶಿಸ್ತು ಹೊರಗಿನಿಂದ ಬಂದುದೆಂದು ಭಾವಿಸಬೇಕಾದುದಿಲ್ಲ. ಅಮೃತಾಪುರದ ದೇವಾಲಯದಲ್ಲಿಯೇ ಒಂದು ದೊಡ್ಡ ಶಿಲಾಶಾಸನವಿದೆ. ಅದರ ಪದ್ಯಗಳನ್ನು ರಚಿಸಿದವನು ‘ಯಶೋಧರ ಚರಿತೆ’ಯ ಕವಿ ಜನ್ನ. ಹಳೆಯ ಶಾಸನಗಳಲ್ಲಿ ಪದಕ್ಕೂ ಪದಕ್ಕೂ ನಡುವೆ ತೆರಪಿರುವುದಿಲ್ಲ. ಎಲ್ಲಿ ಬಿಡಿಸಬೇಕೆಂಬುದನ್ನು ಓದುವವನೇ ನಿರ್ಧರಿಸಬೇಕು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟವು ೧೯೦೧ರಲ್ಲಿ ಹೊರಬಂದು ತರೀಕೆರೆ ತಾಲ್ಲೂಕಿನ ಶಾಸನಗಳನ್ನು ವಿದ್ವಾಂಸರ ಕೈಗೆ ಕೊಟ್ಟಿತು. ಶಾಸನ ಸಂಪಾದನೆಯ ಮೊದಲ ನಿಯಮವೇ ಇದು: ಸವೆದುಹೋದ ಅಕ್ಷರದ ಸ್ಥಳದಲ್ಲಿ ಚುಕ್ಕಿಗಳನ್ನಿಡಬೇಕು, ಊಹಿಸಿ ತುಂಬಿದ ಅಕ್ಷರವನ್ನು ಕಂಸದೊಳಗೆ ಹಾಕಬೇಕು. ಸಂಪಾದಕನ ಊಹೆ ಎಷ್ಟೇ ಸಮಂಜಸವಾಗಿರಲಿ, ಅದು ಕಲ್ಲಿನ ಮಾತೆಂದು ವೇಷ ಹಾಕಿಕೊಂಡು ಬರಬಾರದು. ಪರೀಕ್ಷೆಯ ‘ಹೇಳಿಲ್ಲ’ ಎಂಬುದು ಈ ಚುಕ್ಕಿಗಳ ಇನ್ನೊಂದು ರೂಪವಲ್ಲದೆ ಬೇರೆಯಲ್ಲ.

ಹೀಗಿರಲು ಕನ್ನಡ ವಿದ್ಯಾರ್ಥಿಗೆ ಇದು ಏಕೆ ಕಠಿನವಾಗುತ್ತದೆ? ಮುಖ್ಯ ಕಾರಣವು ನಮ್ಮ ತರಗತಿಗಳಲ್ಲಿಯೇ ಇದೆ. ಪದಚ್ಛೇದ, ಅನ್ವಯ, ಅರ್ಥ, ತಾತ್ಪರ್ಯ ಎಂಬ ಹಳೆಯ ಕ್ರಮದಲ್ಲಿ ತಾತ್ಪರ್ಯವು ಕೊನೆಗೆ ಬರುತ್ತಿತ್ತು. ಮೊದಲಿನ ಮೂರು ಅದನ್ನು ಹಿಡಿತದಲ್ಲಿಟ್ಟಿರುತ್ತಿದ್ದುವು. ನಾವು ಮೂರನ್ನು ಕೈಬಿಟ್ಟು ತಾತ್ಪರ್ಯವನ್ನು ಉಳಿಸಿಕೊಂಡೆವು. ಪಾಠದ ಸಾರಾಂಶವನ್ನು ಗೈಡುಗಳಿಂದ ಬಾಯಿಪಾಠ ಮಾಡಿದವನು ಪಾಠವನ್ನು ಓದದೆಯೇ ಉತ್ತೀರ್ಣನಾಗಬಲ್ಲನು. ಕವಿಯು ಹೇಳಿದ್ದೆಷ್ಟು, ಅಧ್ಯಾಪಕರು ಹೇಳಿದ್ದೆಷ್ಟು ಎಂದು ಅವನನ್ನು ಯಾರೂ ಕೇಳುವುದಿಲ್ಲ. ಇಂಥವನನ್ನು ಅಪರಿಚಿತ ಗದ್ಯದ ಮುಂದೆ ಕೂರಿಸಿದಾಗ ಅವನಿಗೆ ಕೊರತೆಯಾಗುವುದು ಇಂಗ್ಲಿಷ್ ಒಂದೇ ಅಲ್ಲ. ನಮ್ಮ ಭಾಷೆಯಲ್ಲಿ ‘ಓದು’ ಎಂದರೆ ವಾಚನವೂ ಹೌದು, ವಿದ್ಯಾಭ್ಯಾಸವೂ ಹೌದು. ಮೊದಲನೆಯದಿಲ್ಲದೆ ಎರಡನೆಯದು ನಡೆದುಹೋಗುವಂತೆ ನಾವು ಏರ್ಪಾಡು ಮಾಡಿಕೊಂಡಿದ್ದೇವೆ.

ಇನ್ನೊಂದು ಕಾರಣ ವಾಕ್ಯರಚನೆಗೆ ಸೇರಿದ್ದು. ‘ಅಮೃತೇಶ್ವರನು ಕಟ್ಟಿಸಿದ ದೇವಾಲಯ’ ಎಂದು ನಾವು ವಿಶೇಷಣವನ್ನು ಮೊದಲು ಹೇಳಿ ನಾಮಪದಕ್ಕೆ ಬರುತ್ತೇವೆ. ಕ್ರಿಯಾಪದವನ್ನು ಕೊನೆಯಲ್ಲಿ ನಿರೀಕ್ಷಿಸುತ್ತೇವೆ. ಇಂಗ್ಲಿಷಿನಲ್ಲಿ ದೇವಾಲಯವು ಮೊದಲು ಬಂದು ಕಟ್ಟಿಸಿದವನು ಆಮೇಲೆ ಬರುತ್ತಾನೆ. ಮುಖ್ಯ ಕ್ರಿಯೆಯಾದ ಮೇಲೆಯೂ ಷರತ್ತುಗಳು ಒಂದರ ಹಿಂದೊಂದು ಜೋತುಬೀಳುತ್ತವೆ. ಕೆಲವು, ಬಹುಪಾಲು, ಮಾತ್ರ, ಇರಬಹುದು ಎಂಬ ಅರ್ಥದ ಚಿಕ್ಕ ಪದಗಳಲ್ಲಿಯೇ ಅನೇಕ ವೇಳೆ ಉತ್ತರವು ಅಡಗಿರುತ್ತದೆ. ಇಂಥ ಕೆಲಸವನ್ನು ಕನ್ನಡದಲ್ಲಿ ಬಹುಮಟ್ಟಿಗೆ ಒಂದೊಂದು ಸ್ವರವೇ ಮಾಡಿಬಿಡುತ್ತದೆ. ‘ದಂಡನಾಯಕನು ಕಟ್ಟಿಸಿದನು’, ‘ದಂಡನಾಯಕನೇ ಕಟ್ಟಿಸಿದನು’, ‘ದಂಡನಾಯಕನೂ ಕಟ್ಟಿಸಿದನು’ ಎಂಬ ಮೂರು ವಾಕ್ಯಗಳು ಮೂರು ಬೇರೆ ಸಂಗತಿಗಳು. ಅವಧಾರಣೆಯ ಏಕಾರವನ್ನೂ ಸಮುಚ್ಚಯದ ಊಕಾರವನ್ನೂ ಗುರುತಿಸಬಲ್ಲ ವಿದ್ಯಾರ್ಥಿಗೆ ಇಂಗ್ಲಿಷಿನ ಆ ಚಿಕ್ಕ ಪದಗಳ ಮೌಲ್ಯವನ್ನು ತಿಳಿಸುವುದು ಅಸಾಧ್ಯವಲ್ಲ. ಕಲಿಸುವವರು ಎರಡು ಭಾಷೆಗಳನ್ನೂ ಒಟ್ಟಿಗೆ ಇಟ್ಟು ತೋರಿಸಬೇಕು, ಅಷ್ಟೆ.

ಹಾಗಾದರೆ ಪರೀಕ್ಷೆಯು ನಿರ್ದೋಷವೆ? ಹಾಗೆಂದು ಹೇಳಲಾಗದು. ಮೊದಲಿಗೆ ಐಇಎಲ್‌ಟಿಎಸ್‌ನಲ್ಲಿ ವಿದ್ಯಾರ್ಥಿಯ ಅಧ್ಯಯನ ಕ್ಷೇತ್ರಕ್ಕೆ ತಕ್ಕಂತೆ ಬೇರೆಬೇರೆ ವಾಚನ ಪತ್ರಿಕೆಗಳಿದ್ದುವು. ೧೯೯೫ರಲ್ಲಿ ಅವುಗಳನ್ನು ತೆಗೆದು ಶೈಕ್ಷಣಿಕ ವಿದ್ಯಾರ್ಥಿಗಳೆಲ್ಲರಿಗೂ ಒಂದೇ ಪತ್ರಿಕೆಯನ್ನು ಮಾಡಿದರು. ಗದ್ಯಭಾಗಗಳಿಗೆ ವಿಶೇಷ ಜ್ಞಾನ ಬೇಕಾಗದು ಎಂಬುದು ಇದರ ಹಿಂದಿನ ನಂಬಿಕೆ. ಆದರೆ ಪರಿಚಿತ ವಿಷಯವು ಓದನ್ನು ಹಗುರಗೊಳಿಸುತ್ತದೆ ಎಂಬುದು ಅಧ್ಯಾಪಕರೆಲ್ಲರ ಅನುಭವ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ನಾಲೆಗಳನ್ನು ನೋಡುತ್ತ ಬೆಳೆದವನು ಜಲಾಶಯವನ್ನು ಕುರಿತ ಗದ್ಯದಲ್ಲಿ ಸರಾಗವಾಗಿ ನಡೆಯುತ್ತಾನೆ. ಹಿಮನದಿಯ ಗದ್ಯದಲ್ಲಿ ಪ್ರತಿಯೊಂದು ನಾಮಪದಕ್ಕೂ ನಿಲ್ಲುತ್ತಾನೆ. ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಂಭೀರವಾದುದು. ಸಂಗತಿಯೊಂದನ್ನು ಗದ್ಯವು ಹೇಳಿಲ್ಲವೆಂದು ಗುರುತಿಸಿದೊಡನೆ ಪರೀಕ್ಷಕನಿಗೆ ತೃಪ್ತಿಯಾಗುತ್ತದೆ, ಓದುಗನಿಗೆ ಆಗಕೂಡದು. ಅಮೃತಾಪುರದಲ್ಲಿ ಪ್ರದಕ್ಷಿಣೆ ಬರುವ ಭಕ್ತನಿಗೆ ರಾಮಾಯಣದ ಕೊನೆಯೇ ಮೊದಲು ಎದುರಾಗುತ್ತದೆ. ಇದು ಏಕೆ ಹೀಗೆ ಎಂಬ ಪ್ರಶ್ನೆಗೆ ಮೇಲಿನ ಗದ್ಯದಲ್ಲಿ ಉತ್ತರವಿಲ್ಲ. ಆದರೆ ಆ ಗದ್ಯದಿಂದ ಹುಟ್ಟಬಹುದಾದ ಅತ್ಯಂತ ಒಳ್ಳೆಯ ಪ್ರಶ್ನೆ ಅದೇ. ಅದನ್ನು ಕೇಳಿದುದಕ್ಕೆ ಪರೀಕ್ಷೆಯಲ್ಲಿ ಅಂಕವಿಲ್ಲ. ಕೇಳುತ್ತ ಕುಳಿತರೆ ಒಂದೂವರೆ ನಿಮಿಷ ಕಳೆದುಹೋಗುತ್ತದೆ.

ಈ ದೋಷಗಳಿಂದ ಸಿದ್ಧತೆಯ ಕರ್ತವ್ಯವೇನೂ ಕಡಿಮೆಯಾಗುವುದಿಲ್ಲ. ಹಣ ತೆತ್ತು ನಗರದ ತರಬೇತಿಗೆ ಹೋಗಲಾರದ ವಿದ್ಯಾರ್ಥಿಗೆ ಕಾಲೇಜೇ ಗತಿ. ಅಲ್ಲಿ ಆರಂಭವನ್ನು ಕನ್ನಡ ಗದ್ಯದಿಂದಲೇ ಮಾಡಬಹುದು. ಮೇಲೆ ತೋರಿಸಿದಂಥ ನಾಲ್ಕು ವಾಕ್ಯಗಳು, ಐದು ಹೇಳಿಕೆಗಳು. ಪ್ರತಿಯೊಂದು ಉತ್ತರಕ್ಕೂ ಆಧಾರವಾದ ವಾಕ್ಯವನ್ನು ಬೆರಳಿಟ್ಟು ತೋರಿಸಬೇಕೆಂಬ ನಿಯಮ. ಭಾಷೆಯ ಕಷ್ಟವಿಲ್ಲದಿರುವುದರಿಂದ ಓದಿನ ದೋಷವು ಅಲ್ಲಿ ನಿಚ್ಚಳವಾಗಿ ಕಾಣುತ್ತದೆ. ಅನಂತರ ಅದೇ ವಿಷಯದ ಮೇಲೆ ಇಂಗ್ಲಿಷ್ ಗದ್ಯ. ಪ್ರಶ್ನೆಪತ್ರಿಕೆಯು ಗದ್ಯದ ಪದಗಳನ್ನೇ ಬಳಸದೆ ಸಮಾನಾರ್ಥದ ಬೇರೆ ಪದಗಳಲ್ಲಿ ಕೇಳುವುದು ವಾಡಿಕೆ. ಆದುದರಿಂದ ಒಂದೊಂದು ವಾಕ್ಯವನ್ನು ಎರಡು ಮೂರು ಬಗೆಯಾಗಿ ತಿರುಗಿಸಿ ಹೇಳಿಸುವ ಅಭ್ಯಾಸವೂ ಬೇಕು. ಗಡಿಯಾರವು ಕೊನೆಗೆ ಬರಲಿ. ಮೊದಲ ತಿಂಗಳುಗಳಲ್ಲಿ ದಿನಕ್ಕೆ ಎರಡು ಪುಟಗಳನ್ನು ನಿಧಾನವಾಗಿ, ಪೂರ್ತಿಯಾಗಿ ಓದಿದವನಿಗೆ ವೇಗವು ತಾನಾಗಿಯೇ ಕೂಡಿಬರುತ್ತದೆ. ತಪ್ಪು ಉತ್ತರಕ್ಕೆ ಈ ಪರೀಕ್ಷೆಯಲ್ಲಿ ಅಂಕ ಕಳೆಯುವುದಿಲ್ಲ. ಆದುದರಿಂದ ಯಾವುದನ್ನೂ ಖಾಲಿ ಬಿಡಬಾರದೆಂಬ ಉಪಾಯವನ್ನು ಮಾತ್ರ ಕೈಪಿಡಿಗಳಿಂದ ಸಂಕೋಚವಿಲ್ಲದೆ ಸ್ವೀಕರಿಸಬಹುದು.

ಈ ಕ್ರಮದಲ್ಲಿ ಸಿದ್ಧನಾದ ವಿದ್ಯಾರ್ಥಿಯು ಒಂದು ವೇಳೆ ಪರದೇಶಕ್ಕೆ ಹೋಗದೆ ಉಳಿದರೂ ಅವನ ಶ್ರಮ ನಷ್ಟವಾಗುವುದಿಲ್ಲ. ವೃತ್ತಪತ್ರಿಕೆಯ ವರದಿಯನ್ನೂ ಸರ್ಕಾರದ ಆಜ್ಞೆಯನ್ನೂ ಜನ್ನನ ಪದ್ಯವನ್ನೂ ಅವನು ಅದೇ ಎಚ್ಚರದಿಂದ ಓದಬಲ್ಲನು. ಕಾಲೇಜಿನ ಭಾಷಾವಿಭಾಗಗಳು, ಕನ್ನಡವಾಗಲಿ ಇಂಗ್ಲಿಷಾಗಲಿ, ಇದನ್ನು ತಮ್ಮ ಕೆಲಸವೆಂದು ಕೈಗೆತ್ತಿಕೊಳ್ಳುವುದು ಯುಕ್ತವೆಂದು ತೋರುತ್ತದೆ.